ಪಿಕಪ್ ಮೇಲೆ ಕ್ಯಾಂಪರ್ ಹೊರುವವರೇ, ನಿಮ್ಮ ಟೈರ್ ಮೇಲೆ ‘ಎಲ್‌ಟಿ’ ಇದೆಯಾ? ಇವತ್ತೇ ನೋಡಿ

ಇದನ್ನ ಬರೆಯೋಕೆ ನಾಚಿಕೆ ಆಗ್ತಿದೆ. ಆದ್ರೂ ಬರೀತೀನಿ. ಅಮೆರಿಕದ ಅರಿಜೋನಾದಲ್ಲಿ, ಫೀನಿಕ್ಸ್ ಸುತ್ತಮುತ್ತ ನಮ್ಮವರೇ ಕೆಲವು ಮನೆಯವರು ಪಿಕಪ್ ತಗೊಂಡು, ಹಿಂದಿನ ತೊಟ್ಟಿ ಮೇಲೆ ಟ್ರಕ್ ಕ್ಯಾಂಪರ್ (ಪ್ರವಾಸದಲ್ಲಿ ಉಳಿಯೋಕೆ ಪುಟ್ಟ ಮನೆಯಂಥ ಪೆಟ್ಟಿಗೆ) ಕೂರಿಸಿಕೊಂಡು, ಮಕ್ಕಳನ್ನ ಹತ್ತಿಸಿಕೊಂಡು ಓಡಾಡ್ತಿದ್ದೀರಿ. ನನಗೆ ಆಗಿದ್ದು ನಿಮಗೆ ಆಗಬಾರದು.

ನಮ್ಮದು ಮುಕ್ಕಾಲು ಟನ್ ಪಿಕಪ್. ಅದು ಬರೀ ವರ್ಗದ ಹೆಸರು, ಹೊರೋದು ಅದಕ್ಕಿಂತ ಜಾಸ್ತಿ. ನೀರು ತುಂಬಿಸಿ, ಸಾಮಾನು ಹಾಕಿ, ಮನೆಮಂದಿಯೆಲ್ಲ ಕೂತು ಟ್ರಕ್ ಸ್ಟಾಪ್‌ನ ತೂಕದ ಕಟ್ಟೆ ಮೇಲೆ ನಿಲ್ಲಿಸಿದಾಗ ಹಿಂದಿನ ಆಕ್ಸಲ್ ಒಂದರ ಮೇಲೇ 6,080 ಪೌಂಡ್ ಬಂತು. ಆ ಚೀಟಿ ಇಟ್ಟುಕೊಂಡೇ ಟೈರ್ ಅಂಗಡಿಗೆ ಹೋದೆ. ನಾನೇನೂ ತಿಳಿಯದೆ ಹೋದವನಲ್ಲ. ಎಲ್‌ಟಿ275/70ಆರ್18, ಲೋಡ್ ರೇಂಜ್ ಇ ಬೇಕು ಅಂತ ಫೋನಲ್ಲೂ ಹೇಳಿದ್ದೆ, ಎದುರಿಗೂ ಹೇಳಿದೆ. ‘ಎಲ್‌ಟಿ’ ಅಂದರೆ ಲೈಟ್ ಟ್ರಕ್, ಭಾರ ಹೊರೋ ಗಾಡಿಯ ಟೈರು; ಲೋಡ್ ರೇಂಜ್ ಅನ್ನೋದು ಟೈರು ಎಷ್ಟು ಹೊರೆ ತಡೆಯತ್ತೆ ಅನ್ನೋ ದರ್ಜೆ. ಕೌಂಟರ್‌ನಲ್ಲಿದ್ದವನು ಚೀಟಿ ಕಡೆ ನೋಡಲೇ ಇಲ್ಲ. ‘ಚಿಂತೆ ಬಿಡಿ, ದಿನಾ ಕ್ಯಾಂಪರ್ ಗಾಡಿಗಳೇ ಬರ್ತವೆ ನಮ್ಮಲ್ಲಿ’ ಅಂದ. ನಾಲ್ಕು ಟೈರಿಗೆ ಸಾವಿರದ ಮೇಲೆ ಡಾಲರ್ ಕೊಟ್ಟು, ಬಿಲ್‌ಗೆ ಸಹಿ ಹಾಕಿ ಬಂದೆ.

ಅಂಗಡಿಯಿಂದ ಹೊರಟ ಹತ್ತೇ ನಿಮಿಷಕ್ಕೆ ಡ್ಯಾಶ್‌ಬೋರ್ಡ್‌ನಲ್ಲಿ ಗಾಳಿ ಕಮ್ಮಿ ಅನ್ನೋ ಹಳದಿ ದೀಪ ಹತ್ತಿತು. ಫೋನ್ ಮಾಡಿದೆ. ‘ಹೊಸ ಟೈರ್ ಹಾಕಿದಾಗ ಸೆನ್ಸರ್ ಹಾಗೇ, 20 ಮೈಲಿ ಓಡಿಸಿ, ತಾನಾಗೇ ಆರತ್ತೆ’ ಅಂತ ಉತ್ತರ. ಆರಲಿಲ್ಲ. ನಂಬಿದೆ. ಆ ದೀಪ ಒಂದೇ ಅವತ್ತು ನನಗೆ ನಿಜ ಹೇಳ್ತಾ ಇದ್ದಿದ್ದು.

ಇನ್ನೊಬ್ಬರೂ ಹೇಳಿದ್ರು. ನಮ್ಮ ಮಾವ ತಿಪಟೂರಿನವರು, ಕೊಬ್ಬರಿ ಲೋಡಿನ ಲಾರಿ ವರ್ಷಾನುಗಟ್ಟಲೆ ಓಡಿಸಿದವರು. ಹೊರಡೋ ದಿನ ಬೆಳಗ್ಗೆ ಕಾಫಿ ಲೋಟ ಹಿಡಿದುಕೊಂಡೇ ಬಗ್ಗಿ ನೋಡಿ, ‘ಏನಪ್ಪಾ, ಹಿಂದಿನ ಟೈರು ಹೊಟ್ಟೆ ಬಿಟ್ಟಿದೆ. ಇದು ಲೋಡಿನ ಟೈರಾ?’ ಅಂದ್ರು. ‘ಇಲ್ಲಿನ ಟೈರು ಹಿಂಗೇ ಇರತ್ತೆ ಮಾವ’ ಅಂದುಬಿಟ್ಟೆ. ಅವರು ಮತ್ತೆ ಮಾತಾಡಲಿಲ್ಲ. ಆ ಮಾತು ಈಗಲೂ ಚುಚ್ಚುತ್ತಿದೆ.

ಜೂನ್ ತಿಂಗಳು, 110 ಡಿಗ್ರಿ ಫ್ಯಾರನ್‌ಹೀಟ್ ಬಿಸಿಲು. ಐ-17 ಹೆದ್ದಾರಿಯಲ್ಲಿ ಫ್ಲಾಗ್‌ಸ್ಟಾಫ್ ಕಡೆ ಹೊರಟೆವು. ಬ್ಲ್ಯಾಕ್ ಕ್ಯಾನ್ಯನ್ ಸಿಟಿ ದಾಟಿದ ಮೇಲಿನ ಏರು ಗೊತ್ತಲ್ಲ, ಅಲ್ಲಿ ತಿರುವಿನಲ್ಲಿ ಗಾಡಿ ಹೊಯ್ದಾಡೋಕೆ ಶುರು. ಸ್ಟಿಯರಿಂಗ್ ಒಂದು ಕಡೆ, ಮೇಲಿನ ಕ್ಯಾಂಪರ್ ಇನ್ನೊಂದು ಕಡೆ. ಹೆಂಡತಿ ಸೀಟು ಗಟ್ಟಿಯಾಗಿ ಹಿಡ್ಕೊಂಡಿದ್ದಳು. ಕಾರ್ಡೆಸ್ ಜಂಕ್ಷನ್‌ವರೆಗೆ ನಿಧಾನಕ್ಕೆ ತೆವಳಿಸಿಕೊಂಡು ಬಂದು ಇಳಿದು ನೋಡಿದರೆ, ಹಿಂದಿನ ಬಲಗಡೆ ಟೈರಿನ ಪಕ್ಕದ ಗೋಡೆಯಲ್ಲಿ ನಿಂಬೆಹಣ್ಣಿನಷ್ಟು ಬುಗುಟು. ಕೈ ಇಡೋಕೆ ಆಗದಷ್ಟು ಸುಡ್ತಿತ್ತು.

ಅಲ್ಲೇ ಮಂಡಿಯೂರಿ ಟೈರಿನ ಮೇಲಿದ್ದ ಅಕ್ಷರ ಓದಿದೆ. 275/70ಆರ್18 116ಟಿ. ಮುಂದೆ ‘ಎಲ್‌ಟಿ’ ಇಲ್ಲ. ಇನ್ನೊಂದು ಟೈರ್ ನೋಡಿದೆ, ಇಲ್ಲ. ನಾಲ್ಕರಲ್ಲೂ ಇಲ್ಲ. ಗರಿಷ್ಠ ಹೊರೆ 2,756 ಪೌಂಡ್, ಗರಿಷ್ಠ ಗಾಳಿ 44 ಪಿಎಸ್‌ಐ. ಗಾಡಿ ಕಂಪನಿಯವರು ಬಾಗಿಲ ಹತ್ತಿರ ಅಂಟಿಸಿರೋ ಸ್ಟಿಕ್ಕರ್‌ನಲ್ಲಿ ಹಿಂದಿನ ಟೈರಿಗೆ 80 ಪಿಎಸ್‌ಐ ಅಂತಿದೆ! ನಾನು ಕೇಳಿದ್ದ ಟೈರು 80ರಲ್ಲಿ ಒಂದೊಂದು 3,640 ಪೌಂಡ್ ಹೊರತ್ತೆ, ಎರಡಕ್ಕೆ 7,280. ಇವರು ಹಾಕಿದ್ದು ಕಾರಿನ ಜಾತಿ ಟೈರು. ಅಂಥದ್ದನ್ನ ಪಿಕಪ್‌ಗೆ ಹಾಕಿದರೆ ಬರೆದಿರೋ ಹೊರೆಯನ್ನ 1.10ರಿಂದ ಭಾಗಿಸಬೇಕು ಅನ್ನೋದು ನಿಯಮ. ಅಂದರೆ ಎರಡೂ ಸೇರಿ 5,010. ಅದರ ಮೇಲೆ ನನ್ನ 6,080. ಸಾವಿರ ಪೌಂಡಿಗೂ ಹೆಚ್ಚು ಭಾರ ಜಾಸ್ತಿ ಹೇರಿಕೊಂಡು ಎರಡು ಮಕ್ಕಳ ಜೊತೆ ಆ ಏರು ಹತ್ತಿದ್ದೀನಿ. ಸೈಜ್ ಒಂದೇ, ಅಂಕಿ ಒಂದೇ, ಎರಡು ಅಕ್ಷರ ಮಾತ್ರ ಇಲ್ಲ.

ಅಂಗಡಿಗೆ ಹೋಗಿ ಕೇಳಿದರೆ ಮ್ಯಾನೇಜರ್ ಮೊದಲು ಹೇಳಿದ್ದು, ‘ನೀವು ಕೇಳಿದ ಸೈಜ್ ತಾನೇ ಇದು?’ ನಾನು ತೂಕದ ಚೀಟಿ ಮುಂದಿಟ್ಟೆ. ‘ನೀವು ಓವರ್‌ಲೋಡ್ ಮಾಡಿದ್ದೀರಿ, ಅದಕ್ಕೆ ನಾವು ಹೊಣೆ ಅಲ್ಲ.’ ಗಾಡಿಯ ಆಕ್ಸಲ್ ಮಿತಿಯೊಳಗೇ ಇದ್ದೀನಿ, ನಿಮ್ಮ ಟೈರ್ ತಾನೇ ಕಮ್ಮಿ ಅಂದೆ. ಅದಕ್ಕೆ ಬಿಲ್ ತಿರುಗಿಸಿ ನನ್ನ ಸಹಿ ಮೇಲೆ ಬೆರಳಿಟ್ಟು ತೋರಿಸಿದ. ಬಿಲ್‌ನಲ್ಲಿ ‘275/70ಆರ್18’ ಅಂತ ಮಾತ್ರ ಇತ್ತು. ಎರಡು ಸಲ ಬಾಯಿಬಿಟ್ಟು ಹೇಳಿದ ‘ಎಲ್‌ಟಿ’ ಅದರಲ್ಲಿ ಎಲ್ಲೂ ಇಲ್ಲ. ನಾನೂ ಓದದೆ ಸಹಿ ಹಾಕಿದ್ದೆ. ಓಡಿಸಿದ ಟೈರ್ ವಾಪಸ್ ತಗೊಳ್ಳಲ್ಲ, ಬೇಕಾದರೆ ಮುಂದಿನ ಖರೀದಿಗೆ 10 ಪರ್ಸೆಂಟ್ ಕಮ್ಮಿ ಮಾಡ್ತೀವಿ ಅಂದ. ಮುಂದಿನ ಖರೀದಿ! ಮೈಯೆಲ್ಲ ಉರಿದುಹೋಯ್ತು.

ಇಷ್ಟು ಮಾಡಿ ಸಾಕು. ಕ್ಯಾಂಪರ್‌ನ ಟ್ಯಾಂಕ್ ತುಂಬ ನೀರು, ಎಲ್ಲ ಜನ ಇರುವಾಗಲೇ ತೂಗಿಸಿ. ಕ್ಯಾಂಪರ್ ಬ್ರೋಷರ್‌ನಲ್ಲಿರೋದು ಒಣ ತೂಕ, 40 ಗ್ಯಾಲನ್ ನೀರೇ 330 ಪೌಂಡ್ ಆಗತ್ತೆ. ಹಿಂದಿನ ಆಕ್ಸಲ್ ತೂಕದ ಅರ್ಧಕ್ಕಿಂತ ಟೈರಿನ ಮೇಲೆ ಬರೆದಿರೋ ಗರಿಷ್ಠ ಹೊರೆ ಚೆನ್ನಾಗಿ ಜಾಸ್ತಿ ಇರಲಿ. ಟೈರಿನ ಮೇಲೆ ‘ಡಿಒಟಿ’ ಅಂತ ಶುರುವಾಗೋ ಸಾಲಿನ ಕೊನೆಯ 4 ಅಂಕಿಯನ್ನೂ ನೋಡಿ, ಟೈರು ತಯಾರಾದ ಕಾಲ ಅದು: ಮೊದಲೆರಡು ವಾರ, ಕೊನೆಯೆರಡು ವರ್ಷ. ನನ್ನವುಗಳಲ್ಲಿ ಎರಡು ನಾಲ್ಕು ವರ್ಷ ಹಳೇ ಸರಕು. ದುಡ್ಡು ಕೊಡೋ ಮುಂಚೆ, ಟೈರು ರಿಮ್‌ಗೆ ಹತ್ತೋ ಮುಂಚೆ ನೋಡಿ. ಅವರು ‘ಚಿಂತೆ ಬಿಡಿ’ ಅಂದರೆ ಬಿಡಬೇಡಿ.

ಈಗ ಬೇರೆ ಅಂಗಡಿಯಲ್ಲಿ ಇ ರೇಂಜ್ ಹಾಕಿಸಿದ್ದೀನಿ, 80ಕ್ಕೆ ಗಾಳಿ ತುಂಬಿಸಿದ ತಕ್ಷಣ ಹಳದಿ ದೀಪ ಆರಿತು. ಅರಿಜೋನಾ ಅಟಾರ್ನಿ ಜನರಲ್ ಕಚೇರಿಗೆ ಗ್ರಾಹಕ ದೂರು ಬರೆದು, ಬಿಲ್, ತೂಕದ ಚೀಟಿ, ಬುಗುಟಿನ ಫೋಟೋ ಎಲ್ಲ ಲಗತ್ತಿಸಿದ್ದೀನಿ. ಮಾವನಿಗೆ ಕ್ಷಮೆ ಕೇಳಿದೆ. ‘ಮಕ್ಕಳು ಕ್ಷೇಮವಾಗಿ ಬಂದವಲ್ಲ, ಬಿಡಪ್ಪ’ ಅಂದ್ರು. ಹೊಸ ಟೈರ್ ಹಾಕಿಸಿ ಬಂದ ದಿನ ಅವರೇ ಟಾರ್ಚ್ ಹಿಡಿದು ನಾಲ್ಕೂ ಟೈರಿನ ಮೇಲಿನ ಅಕ್ಷರ ಒಂದೊಂದಾಗಿ ಓದಿಸಿಕೊಂಡರು.