ಕೆಸರಿಗೆ ಬೇಗ ಸೋಲದ ಹಲ್ಲು: ನನ್ನ ಚೈನ್ ಸಾಗೆ ಸಿಕ್ಕ ಸರಿಯಾದ ಚೈನು

ಮರ ಕೊಯ್ಯುವ ಮೆಷಿನ್ ಇಟ್ಟುಕೊಂಡವರು ನಾಲ್ಕು ಜನ ಸೇರಿದರೆ ಮೆಷಿನ್ ಬಗ್ಗೆಯೇ ಮಾತು. ಎಷ್ಟು ಸಿಸಿ, ಯಾವ ಕಂಪನಿ, ಪೆಟ್ರೋಲ್ ಎಷ್ಟು ಕುಡಿಯುತ್ತದೆ, ಹಗ್ಗ ಎಳೆದರೆ ಒಂದೇ ಸಲಕ್ಕೆ ಸ್ಟಾರ್ಟ್ ಆಗುತ್ತಾ ಅಂತ. ಚೈನಿನ ವಿಷಯ ಬಂದರೆ ಮಾತ್ರ "18 ಇಂಚಿಂದು ಹಾಕ್ಸಿ" ಅನ್ನುವಲ್ಲಿಗೆ ಮುಗಿಯಿತು. ಆದರೆ ಮರಕ್ಕೆ ತಾಗುವುದು ಚೈನಿನ ಹಲ್ಲು ತಾನೇ? ನನ್ನ 58 ಸಿಸಿ ಮೆಷಿನ್‌ಗೆ ಒರೆಗಾನ್ ಕಂಪನಿಯ 21ಬಿಪಿಎಕ್ಸ್ ಚೈನು ಹಾಕಿ ಕೆಲವು ಮಳೆಗಾಲ ಕಳೆದಿವೆ. ಒಂದು ಚೈನು ಸವೆದು, ಅದೇ ನಂಬರಿನ ಇನ್ನೊಂದು ಈಗ ಬಾರಿನ ಮೇಲಿದೆ (ಬಾರ್ ಅಂದರೆ ಚೈನು ಸುತ್ತಿ ಓಡುವ ಉದ್ದನೆಯ ಪಟ್ಟಿ). ಅಷ್ಟು ಹಿಡಿಸಿದೆ.

ಮೊದಲು ನನ್ನ ಕೆಲಸ ಎಂಥದ್ದು ಅಂತ ಹೇಳಿಬಿಡುತ್ತೇನೆ, ಯಾಕೆಂದರೆ ತೀರ್ಪೆಲ್ಲ ಅದರ ಮೇಲೆಯೇ ನಿಂತಿದೆ. ಮೂಡಿಗೆರೆ ಕಡೆ ಸಣ್ಣ ಕಾಫಿ ತೋಟ. ಸಿಲ್ವರ್ ಮರ ಜಾಸ್ತಿ, ನಡುನಡುವೆ ಹಲಸು, ಅತ್ತಿ. ಮರಗಸಿಯಲ್ಲಿ, ಅಂದರೆ ನೆರಳಿನ ಮರಗಳ ಕೊಂಬೆ ಸವರುವಾಗ, ಕೆಳಗೆ ಬಿದ್ದ ದಪ್ಪ ಕೊಂಬೆಗಳನ್ನು ತುಂಡು ಮಾಡಬೇಕು. ಆರಿದ್ರಾ ಮಳೆ ಗಾಳಿಗೆ ಬಿದ್ದ ಮರವನ್ನು ದಾರಿಯಿಂದ ಬಿಡಿಸಬೇಕು. ಬಚ್ಚಲು ಒಲೆಗೆ ವರ್ಷಕ್ಕಾಗುವಷ್ಟು ಸೌದೆ ಮಾಡಿಕೊಳ್ಳಬೇಕು. ಇದರಲ್ಲಿ ನಿಂತ ಮರವನ್ನು ಶುದ್ಧವಾಗಿ ಕೊಯ್ಯುವ ಕೆಲಸ ತೀರಾ ಕಮ್ಮಿ. ಟ್ರ್ಯಾಕ್ಟರಿಗೆ ಕಟ್ಟಿ ಎಳೆದು ತಂದ ದಿಮ್ಮಿಗಳೇ ಹೆಚ್ಚು. ತೊಗಟೆಯ ಸೀಳುಗಳಲ್ಲಿ ಕೆಂಪು ಮಣ್ಣು ಮೆತ್ತಿಕೊಂಡಿರುತ್ತದೆ, ಒಂದು ಕಡೆ ಹಾವಸೆ.

ಮೆಷಿನ್ ಜೊತೆ ಬಂದ ಚೈನು ಸವೆದ ಮೇಲೆ ಅಂಗಡಿಯವರು ಕೊಟ್ಟದ್ದು ಫುಲ್ ಚಿಸೆಲ್. ಅದರ ಹಲ್ಲಿನ ಮೂಲೆ ಚೌಕಾಕಾರ, ಚೂಪು. ಹೊಸದರಲ್ಲಿ ಅದರ ಓಟ ನೋಡಬೇಕು! ಹಸಿ ಸಿಲ್ವರ್ ದಿಮ್ಮಿಗೆ ಇಟ್ಟರೆ ಒತ್ತುವುದೇ ಬೇಡ, ತಾನೇ ಇಳಿಯುತ್ತದೆ. ಆದರೆ ಮಣ್ಣು ಮೆತ್ತಿದ ದಿಮ್ಮಿಗೆ ಹೋಯಿತೋ, ಆ ಚೂಪು ಮೂಲೆಯೇ ಮೊದಲು ಹೋಗುತ್ತದೆ. ಕೊಯ್ಯುವುದರಲ್ಲಿ ದೊಡ್ಡ ಪಾಲು ಕೆಲಸ ಆ ಮೂಲೆಯದು. ಅದು ಮೊಂಡಾದರೆ ಇಡೀ ಚೈನು ಮೊಂಡಾದ ಹಾಗೆ. ಎರಡು ದಿಮ್ಮಿ ಮುಗಿಯುವಷ್ಟರಲ್ಲಿ ಚಕ್ಕೆ ಬರುವ ಜಾಗದಲ್ಲಿ ಹಿಟ್ಟಿನಂಥ ಹುಡಿ ಬರತೊಡಗುತ್ತದೆ. ಆಮೇಲೆ ಕೈಯಿಂದ ಒತ್ತಬೇಕು, ಬಾರ್ ಬಿಸಿಯಾಗುತ್ತದೆ, ಸಂಜೆಗೆ ಭುಜ ಹಿಡಿದುಕೊಳ್ಳುತ್ತದೆ.

21ಬಿಪಿಎಕ್ಸ್ ಹಲ್ಲಿನ ಮೂಲೆ ಸ್ವಲ್ಪ ದುಂಡಗಿದೆ. ಕಂಪನಿಯವರು ಇದನ್ನು ಮೈಕ್ರೊ ಚಿಸೆಲ್ ಅನ್ನುತ್ತಾರೆ, ಮೂಲೆ ದುಂಡಗಿರುವ ಸೆಮಿ ಚಿಸೆಲ್‌ಗೆ ಹತ್ತಿರದ ಸಂಬಂಧಿ. ಇದೇ ಕಂಪನಿಯ 21ಎಲ್‌ಪಿಎಕ್ಸ್ ಅನ್ನುವ ಚೈನು ಫುಲ್ ಚಿಸೆಲ್. ಎರಡೂ ನನ್ನ ಬಾರಿಗೆ ಸರಿಯಾಗಿ ಕೂರುತ್ತವೆ, ಅಳತೆಯೆಲ್ಲ ಒಂದೇ, ಬೇರೆ ಇರುವುದು ಒಂದೇ ಅಕ್ಷರ. ಆ ಒಂದು ಅಕ್ಷರದಿಂದ ನನ್ನ ಕೆಲಸದ ದಿನವೇ ಬದಲಾಯಿತು. ಮೊದಲ ಅರ್ಧ ಗಂಟೆ ಇದು ಫುಲ್ ಚಿಸೆಲ್‌ಗಿಂತ ಕೊಂಚ ನಿಧಾನ ಅನ್ನಿಸುತ್ತದೆ, ನಿಜ. ಆದರೆ ಊಟದ ಹೊತ್ತಿಗೂ ಚಕ್ಕೆ ಚಕ್ಕೆಯಾಗಿಯೇ ಬೀಳುತ್ತಿರುತ್ತದೆ. ಒಣಗಿದ ಹಲಸಿನ ದಿಮ್ಮಿಯಲ್ಲಿ ಅಂಗೈಗೆ ತೆಗೆದುಕೊಂಡು ನೋಡಿದೆ: ಉಗುರಿನಷ್ಟು ಅಗಲದ ಹಳದಿ ಚಕ್ಕೆಗಳು, ಅಂಚು ಹರಿದಿಲ್ಲ, ಹುಡಿ ಬಹಳ ಕಮ್ಮಿ. ಹಲ್ಲು ಇನ್ನೂ ಹರಿತವಾಗಿದೆ ಅಂತ ತಿಳಿಯಲು ಇದಕ್ಕಿಂತ ಒಳ್ಳೆ ಗುರುತು ಬೇಡ.

ಈ ಹಲ್ಲಿನ ಹಿಂದೆ ನನಗೆ ತುಂಬಾ ಇಷ್ಟವಾದ ಒಂದು ಕಥೆಯಿದೆ. ಮುಂಚಿನ ಚೈನುಗಳಲ್ಲಿ ಕೈಗರಗಸದ ಹಾಗೆ ನೆಟ್ಟಗಿನ ಹಲ್ಲುಗಳಿದ್ದವು, ಮರವನ್ನು ಗೀಚುತ್ತಿದ್ದವು. 1946ರಲ್ಲಿ ಅಮೆರಿಕದ ಒರೆಗಾನ್ ರಾಜ್ಯದಲ್ಲಿ ಮರ ಕಡಿಯುವ ಕೆಲಸ ಮಾಡುತ್ತಿದ್ದ ಜೋ ಕಾಕ್ಸ್ ಅನ್ನುವವರು ಒಂದು ಮರದ ಹುಳುವನ್ನು ಗಮನಿಸಿದರು. ಅದು ಗಟ್ಟಿ ಮರವನ್ನು ಉದ್ದಕ್ಕೂ ಅಡ್ಡಕ್ಕೂ ಸಲೀಸಾಗಿ ಕೊರೆಯುತ್ತಿತ್ತು. ಅದರ ದವಡೆ ಒಳಕ್ಕೆ ಬಾಗಿದೆ, ಎಡಕ್ಕೊಮ್ಮೆ ಬಲಕ್ಕೊಮ್ಮೆ ಕಚ್ಚುತ್ತದೆ. ಅದನ್ನೇ ಉಕ್ಕಿನಲ್ಲಿ ಮಾಡಿದರು. 1947ರಲ್ಲಿ ಆ ಚೈನು ಮಾರಾಟಕ್ಕೆ ಬಂತು, ಇವತ್ತಿನ ಚೈನುಗಳ ಹಲ್ಲೆಲ್ಲ ಅದರದೇ ಸಂತಾನ. ಆ ಹುಳು ಉದ್ದ ಮೀಸೆಯ ದುಂಬಿಗಳ ಕುಟುಂಬದ್ದು. ನಮ್ಮ ಅರೇಬಿಕಾ ಗಿಡಗಳನ್ನು ಹಾಳುಮಾಡುವ ಬಿಳಿ ಕಾಂಡಕೊರಕವೂ ಅದೇ ಕುಟುಂಬ! ಹುಳ ಬಿದ್ದ ಗಿಡ ಕಿತ್ತು ಸೀಳಿದಾಗ ಒಳಗಿನ ಸುರಂಗ ನೋಡಿದವರಿಗೆ ಆ ದವಡೆಯ ಶಕ್ತಿ ಏನು ಅಂತ ಬೇರೆ ಹೇಳಬೇಕಿಲ್ಲ.

ಈಗ ನನ್ನ ನೆಚ್ಚಿನ ಭಾಗ, ಅರ ಹಾಕುವುದು. ಬೆಳಗ್ಗೆ ಕಾಫಿ ಕುಡಿದು, ಆಳುಗಳು ಬರುವ ಮುಂಚೆ ಅಂಗಳದ ಮೂಲೆಯ ಬೊಡ್ಡೆಯ ಹತ್ತಿರ ಕೂರುತ್ತೇನೆ. ಬೊಡ್ಡೆಯಲ್ಲಿ ಬಾರ್ ಕೂರುವಷ್ಟು ಒಂದು ಸೀಳು ಕೊಯ್ದಿಟ್ಟಿದ್ದೇನೆ, ಬಾರ್ ಅದರಲ್ಲಿ ಸಿಕ್ಕಿಸಿದರೆ ಅಲುಗಾಡುವುದಿಲ್ಲ. ಬ್ರೇಕ್ ಹಾಕಿ, ಹಳೆ ಬ್ರಶ್ಶಿನಿಂದ ಎಣ್ಣೆ ಮೆತ್ತಿದ ಹುಡಿ ತೆಗೆದು, ಒಂದು ಹಲ್ಲಿಗೆ ಸೀಮೆಸುಣ್ಣದ ಗುರುತು. 72 ಲಿಂಕಿನ (ಬಾರಿನೊಳಕ್ಕೆ ಇಳಿದು ಓಡುವ ಕೊಂಡಿಗಳ) ಈ ಚೈನಿನಲ್ಲಿ 36 ಹಲ್ಲು, ಎಡಕ್ಕೆ 18, ಬಲಕ್ಕೆ 18. ಒಂದು ಕಡೆಯದ್ದು ಎಲ್ಲ ಮುಗಿಸಿ ಆಮೇಲೆ ಇನ್ನೊಂದು ಕಡೆಗೆ ತಿರುಗುತ್ತೇನೆ. ದುಂಡು ಅರ 4.8 ಮಿ.ಮೀ.ದೇ ಆಗಬೇಕು. ಅದಕ್ಕಿಂತ ಸಣ್ಣದಾದರೆ ಹಲ್ಲಿನ ಕೆಳಗೆ ಕೊರೆಯುತ್ತದೆ, ದೊಡ್ಡದಾದರೆ ಅಂಚು ನೆಟ್ಟಗಾಗಿ ಮರಕ್ಕೆ ಕಚ್ಚುವುದಿಲ್ಲ. ಹಲ್ಲಿನ ನೆತ್ತಿಯ ಮೇಲಿರುವ 30 ಡಿಗ್ರಿ ಗೆರೆಗೆ ಸಮನಾಗಿ, ಒಳಗಿನಿಂದ ಹೊರಕ್ಕೆ ತಳ್ಳುವುದು. ವಾಪಸ್ ತರುವಾಗ ಅರವನ್ನು ಎತ್ತಿಬಿಡಬೇಕು, ಉಜ್ಜಬಾರದು. ಎಲ್ಲ ಹಲ್ಲಿಗೂ ಸಮನಾಗಿ ಎರಡು ಮೂರು ಸಲ ತಳ್ಳಿದರೆ ಸಾಕು. ಹೊಳೆಯುವ ಮೊಂಡು ಗೆರೆ ಮಾಯವಾಗಿ ಅಂಚು ಕಪ್ಪಗೆ ಕಾಣಿಸಿತಾ, ಆಯಿತು. ಒಂದು ಕಡೆ ಹೆಚ್ಚು ಉಜ್ಜಿ ಇನ್ನೊಂದು ಕಡೆ ಕಮ್ಮಿ ಮಾಡಿದರೆ ಕೊಯ್ತ ಒಂದೇ ಬದಿಗೆ ಓಡುತ್ತದೆ, ದಿಮ್ಮಿಯ ಮುಖ ಬಾಳೆಹಣ್ಣಿನಂತೆ ಬಾಗಿ ಬರುತ್ತದೆ.

ಹಲ್ಲಿನ ಮುಂದಿನ ಗಿಡ್ಡ ಮೊನೆಯನ್ನು ಬಹಳ ಜನ ಮರೆತುಬಿಡುತ್ತಾರೆ. ಡೆಪ್ತ್ ಗೇಜ್ ಅನ್ನುವುದು ಅದನ್ನೇ. ಹಲ್ಲು ಒಂದು ಸಲಕ್ಕೆ ಎಷ್ಟು ಆಳ ಕಚ್ಚಬೇಕು ಅಂತ ತೀರ್ಮಾನಿಸುವುದು ಅದು. ಹಲ್ಲು ಅರಕ್ಕೆ ಸವೆದು ಗಿಡ್ಡವಾದರೂ ಮೊನೆ ಹಾಗೇ ಎತ್ತರ ಉಳಿದರೆ, ಎಷ್ಟೇ ಹರಿತ ಇದ್ದರೂ ಚೈನು ಮರದ ಮೇಲೆ ಜಾರುತ್ತದೆ. ಹಲ್ಲಿನ ನೆತ್ತಿಗಿಂತ ಮೊನೆ 0.65 ಮಿ.ಮೀ. ತಗ್ಗಿರಬೇಕು, ಅದನ್ನು ನೋಡಲು ಸಣ್ಣ ತಗಡಿನ ಗೇಜ್ ಸಿಗುತ್ತದೆ, ಚಪ್ಪಟೆ ಅರದಿಂದ ಒಂದೆರಡು ಸಲ ಉಜ್ಜಿದರೆ ಸಾಕು. ಜಾಸ್ತಿ ತಗ್ಗಿಸಿದರೆ ಹಲ್ಲು ವಿಪರೀತ ಕಚ್ಚಿ ಮೆಷಿನ್ ಎಗರುತ್ತದೆ. ಅದು ಪ್ರಾಣಕ್ಕೇ ಅಪಾಯ, ಇಲ್ಲಿ ಅಂದಾಜು ಬೇಡ. ಇದೆಲ್ಲ ಮುಗಿದ ಮೇಲೆ ಮೊದಲ ಕೊಯ್ತದಲ್ಲಿ ಬೀಳುವ ಆ ಚಕ್ಕೆ ನೋಡುವುದಿದೆಯಲ್ಲ, ಇಡೀ ದಿನದ ಕೆಲಸಕ್ಕೆ ಹುಮ್ಮಸ್ಸು ಬರುತ್ತದೆ.

ಇಲ್ಲಿವರೆಗೆ ಎಲ್ಲ ಸಂತೋಷದ ಮಾತು. ಕೋಪ ಬರುವುದು ಕೊಂಡುಕೊಳ್ಳುವಾಗ. ಪೇಟೆಯ ಅಂಗಡಿಯಲ್ಲಿ ಒಬ್ಬರು "ಅಣ್ಣಾ, 18 ಇಂಚು ಅಂದ್ರೆ ಎಲ್ಲ ಒಂದೇ" ಅಂತ ಒಂದು ಚೈನು ಕಟ್ಟಿಕೊಟ್ಟರು. ಲಿಂಕ್ ಲೆಕ್ಕ ಸರಿಯಿತ್ತು. ಲಿಂಕಿನ ದಪ್ಪ ಮಾತ್ರ 1.3 ಮಿ.ಮೀ., ಲಿಂಕ್ ಇಳಿದು ಓಡುವ ನನ್ನ ಬಾರಿನ ತೋಡಿನ ಅಗಲ 1.5. ಅಂಥ ಚೈನು ಬಾರಿನಲ್ಲಿ ಕೂರುತ್ತದೆ, ಓಡುತ್ತದೆ ಕೂಡ, ಅದೇ ಮೋಸ. ತೋಡಿನಲ್ಲಿ ಸಡಿಲವಾಗಿ ಪಕ್ಕಕ್ಕೆ ವಾಲಿ ಕೊಯ್ತ ಸೊಟ್ಟಗಾಗುತ್ತದೆ, ಬಾರಿನ ಅಂಚೂ ಹಾಳು. ವಾಪಸ್ ಒಯ್ದರೆ ಡಬ್ಬಿ ಬಿಚ್ಚಿದ್ದೀರಿ ಅಂದರು. ಡಬ್ಬಿಯ ಮೇಲೆ ದಪ್ಪವನ್ನು ಬರೆದೇ ಇಲ್ಲ, ಬಿಚ್ಚದೆ ಗೊತ್ತಾಗುವುದು ಹೇಗೆ? ಈ ಇಂಚಿನ ವ್ಯಾಪಾರ ನಿಲ್ಲಬೇಕು. ಚೈನು ಇಂಚಿನ ಮೇಲೆ ಹೊಂದುವ ವಸ್ತುವೇ ಅಲ್ಲ. 16 ಇಂಚಿನ ಸಣ್ಣ ಮೆಷಿನ್‌ಗಳನ್ನೇ ನೋಡಿ, ಒಂದು ಕಂಪನಿಯ ಬಾರಿಗೆ 55 ಲಿಂಕ್, ಇನ್ನೊಂದರ ಬಾರಿಗೆ 56. ಆ ಒಂದು ಲಿಂಕಿಗೆ ಚೈನು ಏರುವುದೇ ಇಲ್ಲ, ಇಲ್ಲಾ ಜೋತು ಬೀಳುತ್ತದೆ.

ಹಾಗಾಗಿ ಅಂಗಡಿಗೆ ಹೋಗುವ ಮುಂಚೆ ಮೂರು ಸಂಖ್ಯೆ ಬರೆದುಕೊಂಡು ಹೋಗಿ. ಪಿಚ್, ದಪ್ಪ, ಲಿಂಕ್ ಲೆಕ್ಕ. ಬಾರಿನ ಹಿಂಭಾಗದಲ್ಲಿ, ಮೆಷಿನ್ ಕಡೆಗೆ, ಸಾಮಾನ್ಯವಾಗಿ ಮೂರೂ ಅಚ್ಚಾಗಿರುತ್ತವೆ. ಅಳಿಸಿಹೋಗಿದ್ದರೆ ಹಳೆ ಚೈನು ಅಳೆಯಿರಿ. ಒಂದರ ಪಕ್ಕ ಒಂದಿರುವ ಮೂರು ರಿವೆಟ್ ಹಿಡಿದು, ಮೊದಲನೆಯದರ ನಡುವಿನಿಂದ ಮೂರನೆಯದರ ನಡುವಿಗೆ ಅಳೆದು ಎರಡರಿಂದ ಭಾಗಿಸಿದರೆ ಪಿಚ್. ಭಾಗಿಸುವ ಮುಂಚಿನ ಅಳತೆ 16.5 ಮಿ.ಮೀ. ಬಂದರೆ 0.325 ಇಂಚಿನ ಚೈನು, 19ರ ಹತ್ತಿರ ಬಂದರೆ 3/8. ಲಿಂಕ್ ಎಣಿಸುವಾಗ ಕೆಳಕ್ಕೆ ಇಳಿದು ತೋಡಿನಲ್ಲಿ ಓಡುವ ಲಿಂಕುಗಳನ್ನು ಮಾತ್ರ ಎಣಿಸಿ. ನನ್ನದರಂಥ 58 ಸಿಸಿ, 18 ಇಂಚಿನ ಮೆಷಿನ್‌ಗಳಲ್ಲಿ ಹೆಚ್ಚಿನವಕ್ಕೆ 0.325, 1.5 ಮಿ.ಮೀ., 72 ಲಿಂಕ್ ಆಗುತ್ತದೆ, ಆದರೂ ನಿಮ್ಮ ಬಾರ್ ನೋಡಿಯೇ ಕೊಳ್ಳಿ. ಈ ಮೂರು ಹೊಂದಿದ ಮೇಲೆ ಹಲ್ಲಿನ ಆಕಾರ ಕೇಳಿ. ಅದನ್ನು ಯಾವ ಅಂಗಡಿಯವರೂ ತಾವಾಗಿ ಹೇಳುವುದಿಲ್ಲ.

ಹಣದ ಮಾತು. ಹೆಸರಿಲ್ಲದ ಚೈನಿಗೆ ಕೊಡುವುದರ ಎರಡು ಪಟ್ಟಿಗಿಂತ ಮೇಲೆ ಇದಕ್ಕೆ ಕೊಡುತ್ತೇನೆ. ನನ್ನಂಥ ಸಣ್ಣ ತೋಟದವರಿಗೆ ಅದು ಯೋಚಿಸಬೇಕಾದ ಹಣವೇ. ಆದರೆ ಅಗ್ಗದ ಚೈನಿಗೆ ಪದೇಪದೇ ಅರ ಹಾಕಬೇಕು, ಹಾಕಿದಷ್ಟೂ ಹಲ್ಲು ಬೇಗ ಮುಗಿಯುತ್ತದೆ. ಸಂಬಳದ ಆಳು ಮೊಂಡು ಚೈನು ಹಿಡಿದು ಅರ್ಧ ದಿನ ಒದ್ದಾಡಿದರೆ ಆ ಉಳಿತಾಯ ಅಲ್ಲಿಗೇ ಹೋಯಿತು. ಇನ್ನು ನೀಲಗಿರಿ ತೋಪಿನಲ್ಲಿ ದಿನವಿಡೀ ನಿಂತ ಮರ ಕೊಯ್ಯುವವರು ನೀವಾದರೆ ಫುಲ್ ಚಿಸೆಲ್ಲೇ ತೆಗೆದುಕೊಳ್ಳಿ, ನಿಮಗೆ ವೇಗವೇ ಮುಖ್ಯ. ಹಳೆ ಬೇಲಿಯ ಮರದೊಳಗೆ ಮುಳ್ಳುತಂತಿ ಇದ್ದರೆ ಯಾವ ಹಲ್ಲೂ ಉಳಿಯುವುದಿಲ್ಲ. ಅಂಥ ಮರಕ್ಕೆ, ಬೇರಿನ ಬುಡಕ್ಕೆ ಅಂತಲೇ ಒಂದು ಹಳೆ ಚೈನು ಎತ್ತಿಟ್ಟಿದ್ದೇನೆ.

ಹೊಸ ಚೈನು ಮೊದಲ ದಿನ ಚೆನ್ನಾಗಿ ಉದ್ದವಾಗುತ್ತದೆ, ಗಾಬರಿ ಬೇಡ. ತಣ್ಣಗಿದ್ದಾಗ, ಬಾರಿನ ಮೂತಿ ಎತ್ತಿ ಹಿಡಿದು ಬಿಗಿ ಮಾಡಿ, ಗ್ಲೌಸ್ ಹಾಕಿದ ಕೈಯಿಂದ ಎಳೆದರೆ ಸಲೀಸಾಗಿ ತಿರುಗುವಷ್ಟು. ಬಿಸಿಯಲ್ಲಿ ಬಿಗಿ ಮಾಡಿದ್ದರೆ ಕೆಲಸ ಮುಗಿಸಿ ಇಡುವಾಗ ಮರೆಯದೆ ಸಡಿಲಿಸಿ, ತಣ್ಣಗಾದ ಚೈನು ಕುಗ್ಗಿ ಕ್ರ್ಯಾಂಕಿನ ಬೇರಿಂಗ್ ಎಳೆಯುತ್ತದೆ. ಚೈನಿನ ಎಣ್ಣೆಯ ಬದಲು ಸುಟ್ಟ ಇಂಜಿನ್ ಆಯಿಲ್ ಹಾಕಬೇಡಿ, ಅದರಲ್ಲಿರುವ ಲೋಹದ ಹುಡಿ ಪಂಪಿಗೂ ಬಾರಿಗೂ ಕೇಡು. ಚೈನನ್ನು ತಿರುಗಿಸುವ ಹಲ್ಲುಚಕ್ರ, ಸ್ಪ್ರಾಕೆಟ್ ಬಗ್ಗೆ ಯಾರೂ ಹೇಳುವುದಿಲ್ಲ, ಎರಡು ಚೈನು ಸವೆಯುವ ಹೊತ್ತಿಗೆ ಅದೂ ಸವೆದಿರುತ್ತದೆ. ಸವೆದ ಸ್ಪ್ರಾಕೆಟ್ ಮೇಲೆ ಹೊಸ ಚೈನು ಹಾಕಿದರೆ ಲಿಂಕಿನ ಕಾಲು ಬೇಗ ತಿಂದುಹೋಗುತ್ತದೆ. ನಮ್ಮ ಪೇಟೆಯಲ್ಲಿ ಅದು ಕೇಳಿದ ತಕ್ಷಣ ಸಿಗುವುದಿಲ್ಲ, ಹೇಳಿ ತರಿಸಬೇಕು. ಈ ಸಲ ಮೇ ತಿಂಗಳಲ್ಲೇ ಒಂದು ಚೈನು, ಒಂದು ಸ್ಪ್ರಾಕೆಟ್ ಎರಡನ್ನೂ ಹೇಳಿಬಿಟ್ಟಿದ್ದೇನೆ, 21ಬಿಪಿಎಕ್ಸ್, 72 ಲಿಂಕ್ ಅಂತ ಚೀಟಿಯಲ್ಲಿ ಬರೆದುಕೊಟ್ಟು.