ಕೋಚ್, ಮೆಂಟರ್, ಭಾಷಣದ ಕ್ಲಬ್: ಹಣಕಾಸಿನವರಿಗೆ ಯಾವುದು ಒದಗುತ್ತದೆ?

ಹಣಕಾಸು ವಿಭಾಗದವರ ಹಿಂಜರಿಕೆಯೇ ಬೇರೆ ಬಗೆಯದು. ಬ್ಯಾಲೆನ್ಸ್ ಶೀಟ್‌ನ ಯಾವ ಸಾಲಿನ ಬಗ್ಗೆ ಕೇಳಿದರೂ ತಡವರಿಸದವರು, ‘ಈ ಯೋಜನೆಗೆ ಹಣ ಹಾಕೋಣವೇ, ಬೇಡವೇ? ನೀವೇ ಹೇಳಿ’ ಎಂದರೆ ಇನ್ನೊಂದು ಸ್ಲೈಡ್ ತೆರೆಯುತ್ತಾರೆ. ನಾನೂ ಅದೇ ಗುಂಪಿನಲ್ಲಿದ್ದೆ. ತಂಡದ ಹೊಣೆ ಹೆಗಲಿಗೆ ಬಿದ್ದ ಮೇಲೆ ಕಂಪನಿಯ ನಾಯಕತ್ವ ಕಾರ್ಯಾಗಾರ, ಟೋಸ್ಟ್‌ಮಾಸ್ಟರ್ಸ್ ಎಂಬ ಭಾಷಣ ಅಭ್ಯಾಸದ ಕ್ಲಬ್, ಹಿರಿಯ ಹಣಕಾಸು ಮುಖ್ಯಸ್ಥರೊಬ್ಬರ ಮಾರ್ಗದರ್ಶನ, ಕೊನೆಗೆ ಸ್ವಂತ ಹಣದಲ್ಲಿ, ಸಲಹೆ ಕೊಡದೆ ಪ್ರಶ್ನೆ ಕೇಳಿಯೇ ನಮ್ಮಿಂದ ಉತ್ತರ ಹೊರಡಿಸುವ ವೈಯಕ್ತಿಕ ಕೋಚಿಂಗ್, ಎಲ್ಲವನ್ನೂ ಹೊಕ್ಕು ಬಂದೆ.

ಕಾರ್ಯಾಗಾರದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಮಾರಾಟದವರಿಗೂ ನಮಗೂ ಒಂದೇ ಪಾಠ. ಉಪಯೋಗಕ್ಕೆ ಬಂದದ್ದು 360 ಡಿಗ್ರಿ ವರದಿಯೊಂದೇ. ಮೇಲಿನವರು, ಸಹೋದ್ಯೋಗಿಗಳು, ಕೈಕೆಳಗಿನವರು ಹೆಸರು ಹಾಕದೆ ಬರೆದ ಅಭಿಪ್ರಾಯಗಳಲ್ಲಿ ‘ಲೆಕ್ಕ ಖಚಿತ, ನಿಲುವು ಮಾತ್ರ ಗೊತ್ತಾಗುವುದಿಲ್ಲ’ ಎಂಬ ಸಾಲು ಚುಚ್ಚಿತು. ಮುಂದೇನು ಮಾಡಬೇಕೆಂದು ಯಾರೂ ಹೇಳಲಿಲ್ಲ.

1924ರಲ್ಲಿ ಅಮೆರಿಕದಲ್ಲಿ ರಾಲ್ಫ್ ಸ್ಮೆಡ್ಲಿ ಆರಂಭಿಸಿದ ಟೋಸ್ಟ್‌ಮಾಸ್ಟರ್ಸ್‌ನ ಗುಣ ಅದರ ಶಿಸ್ತಿನಲ್ಲಿದೆ. ವಿಷಯ ಕೊಟ್ಟೊಡನೆ ಎದ್ದು ಒಂದೆರಡು ನಿಮಿಷ ಮಾತನಾಡಬೇಕು. ಹಸಿರು, ಹಳದಿ, ಕೆಂಪು ಸಂಕೇತಗಳು ಸಮಯ ತೋರಿಸುತ್ತವೆ, ನಮ್ಮ ‘ಆ... ಅಂ...’ಗಳನ್ನು ಎಣಿಸಲೆಂದೇ ಒಬ್ಬರಿರುತ್ತಾರೆ. ಆಡಳಿತ ಮಂಡಳಿಯ ಅನಿರೀಕ್ಷಿತ ಪ್ರಶ್ನೆಗೆ ಇದಕ್ಕಿಂತ ಅಗ್ಗದ ತಾಲೀಮು ನನಗೆ ಸಿಕ್ಕಿಲ್ಲ. ಗಂಟಲು ನಡುಗುವವರು ಮೊದಲು ಇಲ್ಲಿಗೇ ಹೋಗಲಿ. ಆದರೆ ಇಲ್ಲಿ ಯಾರ ಬಜೆಟ್‌ಗೂ ಕತ್ತರಿ ಬೀಳುವುದಿಲ್ಲ. ಎದುರಿಗೆ ಕುಳಿತವರಿಗೆ ‘ಆಗುವುದಿಲ್ಲ’ ಎನ್ನುವ ಧೈರ್ಯ ಬೇರೆಡೆ ಬರಬೇಕು.

ಮಾರ್ಗದರ್ಶಕರ ಬಲ ವೃತ್ತಿಯ ಒಳಗುಟ್ಟು. ‘ಕೆಟ್ಟ ಸುದ್ದಿಯನ್ನು ಸಭೆಯಲ್ಲೇ ಮೊದಲ ಬಾರಿ ಹೇಳಬೇಡಿ, ಲೆಕ್ಕಪರಿಶೋಧನಾ ಸಮಿತಿಯ ಅಧ್ಯಕ್ಷರಿಗೆ ಹಿಂದಿನ ದಿನವೇ ತಿಳಿಸಿ’ ಎಂದರು. ಇಂಥ ಮಾತನ್ನು ಯಾವ ಕೋಚ್ ಹೇಳುವುದೂ ಅನುಮಾನ. ತೊಡಕೆಂದರೆ, ಅವರ ಉತ್ತರಗಳೆಲ್ಲ ಅವರ ವಯಸ್ಸು, ಹುದ್ದೆ, ದನಿಗೆ ಹೊಲಿಸಿದ ಅಂಗಿ. ಅವರು ಹೇಳಿದರೆ ಅಧಿಕಾರವೆನಿಸುವ ವಾಕ್ಯ ನನ್ನ ಬಾಯಲ್ಲಿ ಉದ್ಧಟತನವಾಗಿ ಕೇಳಿಸುತ್ತಿತ್ತು.

ಕೋಚ್‌ಗೆ ಹಣಕಾಸು ಗೊತ್ತಿರಲಿಲ್ಲ, ಅದೇ ಅನುಕೂಲವಾಯಿತು. ಬಜೆಟ್ ವ್ಯತ್ಯಾಸದ ವರದಿಯನ್ನು ಅವರ ಮುಂದೆ ಒಪ್ಪಿಸಿದೆ. ಖರ್ಚು ಅಂದಾಜಿಗಿಂತ ಶೇ 6ರಷ್ಟು ಹೆಚ್ಚು, ಕಾರಣಗಳು ಇಂತಿಂಥವು. ‘ಇದು ನಿಮಗೆ ಚಿಂತೆಯ ವಿಷಯವೇ?’ ಎಂದರು. ಸಂದರ್ಭವನ್ನು ನೋಡಬೇಕಾಗುತ್ತದೆ ಎಂದೆ. ‘ಇವತ್ತಿನ ಸಂದರ್ಭದಲ್ಲಿ?’ ಎಂದು ಕೇಳಿ ಸುಮ್ಮನೆ ಕುಳಿತರು. ಆ ಮೌನ ತುಂಬಲು ನನ್ನಲ್ಲಿ ಅಂಕಿಗಳು ಉಳಿದಿರಲಿಲ್ಲ. ಕೊನೆಗೆ ಬಂದದ್ದು ಹೀಗೆ: ‘ಖರ್ಚು ಶೇ 6ರಷ್ಟು ಮೀರಿದೆ. ಸಾಗಣೆ ವೆಚ್ಚ ಮುಂದಿನ ತ್ರೈಮಾಸಿಕದಲ್ಲೂ ಇಳಿಯುವುದಿಲ್ಲ. ಹೊಸ ನೇಮಕಾತಿ ತಡೆಹಿಡಿಯೋಣ.’ ಮೂರನೆಯ ವಾಕ್ಯ ಅಲ್ಲಿಯವರೆಗೆ ನನ್ನ ಯಾವ ವರದಿಯಲ್ಲೂ ಇರಲಿಲ್ಲ.

ನಾಯಕತ್ವದ ಪಾಠವೂ ಇದೇ ದಾರಿಯಲ್ಲಿ ಬಂತು. ತಿಂಗಳ ಕೊನೆಯ ಬ್ಯಾಂಕ್ ಸಮನ್ವಯವನ್ನು, ಅಂದರೆ ನಮ್ಮ ಲೆಕ್ಕವನ್ನು ಬ್ಯಾಂಕಿನ ಲೆಕ್ಕದೊಡನೆ ತಾಳೆ ನೋಡುವ ಕೆಲಸವನ್ನು, ತಂಡದವರು ಮಾಡಿದ ಮೇಲೂ ನಾನು ಮತ್ತೊಮ್ಮೆ ಪೂರ್ತಿ ಮಾಡುತ್ತಿದ್ದೆ. ‘ಹಾಗಾದರೆ ಅದು ಯಾರ ಕೆಲಸ?’ ಎಂಬ ಪ್ರಶ್ನೆಯ ನಂತರ ದೊಡ್ಡ ಮೊತ್ತಗಳನ್ನಷ್ಟೇ ನೋಡುವ ಮಿತಿ ಹಾಕಿಕೊಂಡೆ. ವಿವರಣೆಯನ್ನು ಕಿರಿಯರೇ ಸಭೆಯಲ್ಲಿ ಕೊಡತೊಡಗಿದರು.

ಕೋಚಿಂಗ್‌ಗೆ ದೋಷಗಳೂ ಇವೆ. ನಾಲ್ಕರಲ್ಲಿ ಅತಿ ದುಬಾರಿ ಇದೇ. ಲೆಕ್ಕ ಮುಗಿಸುವ ವಾರದಲ್ಲಿ ಭೇಟಿ ಇಟ್ಟುಕೊಂಡರೆ ರದ್ದಾಗುವುದು ಖಂಡಿತ, ತಿಂಗಳ ನಡುವೆ ಇಟ್ಟುಕೊಳ್ಳಿ. ಷೇರುಪೇಟೆಯಲ್ಲಿರುವ ಕಂಪನಿಯ ಪ್ರಕಟವಾಗದ ಫಲಿತಾಂಶವನ್ನು ಹೊರಗಿನ ಕೋಚ್ ಮುಂದೆ ಬಿಚ್ಚುವಂತಿಲ್ಲ, ಆದ್ದರಿಂದ ಅಂಕಿಗಳನ್ನು ಬದಲಿಸಿಯೇ ಮಾತನಾಡಬೇಕು. ‘ನನಗೆ ಈ ಹುದ್ದೆಯ ಯೋಗ್ಯತೆಯಿಲ್ಲ’ ಎಂಬ ಕೊರಗನ್ನು ಮನಶ್ಶಾಸ್ತ್ರಜ್ಞೆಯರಾದ ಪಾಲಿನ್ ಕ್ಲಾನ್ಸ್ ಮತ್ತು ಸುಝಾನ್ ಐಮ್ಸ್ 1978ರಲ್ಲೇ ವಿವರಿಸಿದ್ದಾರೆ. ಅದು ನಿದ್ದೆಗೆಡಿಸುವ ಮಟ್ಟಕ್ಕೆ ಹೋಗಿದ್ದರೆ ಕೋಚ್ ಬೇಡ, ಆಪ್ತಸಮಾಲೋಚಕರನ್ನು ಕಾಣಬೇಕು.

ಹೊಸದಾಗಿ ಕೆಲಸಕ್ಕೆ ಸೇರಿದವರಿಗೆ ಕ್ಲಬ್ ಸಾಕು, ಜೊತೆಗೊಬ್ಬ ಹಿರಿಯರಿದ್ದರೆ ಒಳ್ಳೆಯದು. ಕೋಚ್‌ಗೆ ಹಣ ಹಾಕುವುದು ತಂಡ ನಡೆಸುವ ಹುದ್ದೆಗೆ ಏರಿದಾಗ. ಹುಡುಕುವವರು 1995ರಲ್ಲಿ ಸ್ಥಾಪನೆಯಾದ ಅಂತರರಾಷ್ಟ್ರೀಯ ಕೋಚಿಂಗ್ ಒಕ್ಕೂಟ ಐಸಿಎಫ್‌ನ ಪ್ರಮಾಣಪತ್ರ ನೋಡಬಹುದು. ಅದರ ಪಿಸಿಸಿ (ಪ್ರೊಫೆಷನಲ್ ಸರ್ಟಿಫೈಡ್ ಕೋಚ್) ದರ್ಜೆಗೆ 500 ಗಂಟೆಗಳ ಕೋಚಿಂಗ್ ಅನುಭವ ಬೇಕು. ಮೊದಲ ಭೇಟಿಯಲ್ಲೇ ಸಲಹೆ ಸುರಿಸುವವರನ್ನು ಬಿಡಿ. ಕಂಪನಿ ಶುಲ್ಕ ಭರಿಸುವುದಾದರೆ, ನೀವು ಆಡಿದ ಮಾತುಗಳಲ್ಲಿ ಯಾವುದು ಮೇಲಧಿಕಾರಿಗೆ ತಲುಪುತ್ತದೆ, ಯಾವುದು ತಲುಪುವುದಿಲ್ಲ ಎಂಬುದನ್ನು ಒಪ್ಪಂದದಲ್ಲೇ ಬರೆಸಿಕೊಳ್ಳಿ.