ಲ್ಯಾಕ್ರಾಸ್: ಒಳಾಂಗಣದ್ದೋ, ಬಯಲಿನದ್ದೋ?

ಅಮೆರಿಕದಲ್ಲಿದ್ದೀರಿ, ಲ್ಯಾಕ್ರಾಸ್ ನೋಡಬೇಕು. ತುದಿಗೆ ಬಲೆ ಕಟ್ಟಿದ ಕೋಲಿನಿಂದ ಚೆಂಡು ಹಿಡಿದು, ಎಸೆದು ಗೋಲು ಹೊಡೆಯುವ ಆಟ ಅದು. ಒಳಾಂಗಣದ ಎನ್‌ಎಲ್‌ಎಲ್ (ನ್ಯಾಷನಲ್ ಲ್ಯಾಕ್ರಾಸ್ ಲೀಗ್) ನೋಡುವುದಾ, ಬಯಲಿನ ಪಿಎಲ್‌ಎಲ್ಲಾ (ಪ್ರೀಮಿಯರ್ ಲ್ಯಾಕ್ರಾಸ್ ಲೀಗ್)?

ಎನ್‌ಎಲ್‌ಎಲ್ ಚಳಿಗಾಲದ ಆಟ. ಐಸ್ ಹಾಕಿ ಅಂಗಳದಲ್ಲಿ ಕೃತಕ ಹುಲ್ಲು ಹಾಸಿ ಆಡುತ್ತಾರೆ. ಗೋಲ್‌ಕೀಪರ್ ಬಿಟ್ಟರೆ ತಂಡಕ್ಕೆ ಐದೇ ಜನ. ಚೆಂಡು ಸಿಕ್ಕ 30 ಸೆಕೆಂಡಿನೊಳಗೆ ಗೋಲಿನತ್ತ ಹೊಡೆಯಲೇಬೇಕು. ಸುತ್ತಲಿನ ಹಲಗೆಗೆ ಚೆಂಡು ಬಡಿದರೂ ಆಟ ನಿಲ್ಲುವುದಿಲ್ಲ. ನೂಕಾಟ, ತಳ್ಳಾಟ ಜಾಸ್ತಿ. ಹೆಚ್ಚುಕಡಿಮೆ ಡಿಸೆಂಬರ್‌ನಿಂದ ಏಪ್ರಿಲ್‌ವರೆಗೆ ತಂಡಕ್ಕೆ 18 ಪಂದ್ಯ, ಅರ್ಧ ತವರಲ್ಲೇ. ನ್ಯೂಯಾರ್ಕ್ ರಾಜ್ಯದ ಬಫಲೋ ಕಡೆಯವರಾದರೆ ಯೋಚಿಸಲೇಬೇಡಿ. ಅಲ್ಲಿನ ತಂಡ ಬ್ಯಾಂಡಿಟ್ಸ್ 2023, 2024, 2025 ಮೂರೂ ವರ್ಷ ಲೀಗ್ ಗೆದ್ದವರು!

ಪಿಎಲ್‌ಎಲ್ 2019ರಲ್ಲಿ ಶುರುವಾದದ್ದು. ಬೇಸಿಗೆಯಲ್ಲಿ, ಬಯಲಲ್ಲಿ, ಹತ್ತತ್ತು ಜನರ ಆಟ. ತಂಡಗಳೆಲ್ಲ ಒಟ್ಟಿಗೆ ಊರೂರು ಸುತ್ತುತ್ತವೆ, ಥೇಟ್ ನಾಟಕ ಕಂಪನಿ. ದೂರದಿಂದ ಹೊಡೆದ ಗೋಲಿಗೆ ಎರಡು ಅಂಕ. ಓಟ ಚಂದ, ಆದರೆ ನಿಮ್ಮೂರಿಗೆ ಬರುವುದು ಅಪರೂಪ.

ನನ್ನ ಓಟು ಎನ್‌ಎಲ್‌ಎಲ್‌ಗೆ.